ಈಜು ಬರುತ್ತಿದ್ದ ಹುಡುಗಿ

ಶ್ರಾವಣದ ಕಡೆಯ ಶನಿವಾರ ತುಳಜಾ ಹೊಳೆಗೆ ಹೋದಳು. ಭಾಗ್ಯನಗರದ ಓಣಿಯವರು ಹೀಗೇ ಹೇಳುತ್ತಿದ್ದರು, 'ಹೊಳಿಗೆ ಹೋದ್ಳು' ಅಂತ. ಸತ್ತಳು ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಹೆಣ ಸಿಕ್ಕಿರಲಿಲ್ಲ.

ಅದು ಎಂಬತ್ತಮೂರನೆಯ ಇಸವಿ. ಓಣಿಯ ಹೆಂಗಸರೆಲ್ಲ ಸೇರಿ ಅಂಜನಾದ್ರಿಗೆ ಹೊರಟಾಗ ಕಳಕಮ್ಮನೂ ಮಗಳನ್ನು ಕರೆದುಕೊಂಡು ಹೋಗಿದ್ದಳು. ಬೆಟ್ಟ ಹತ್ತಿ ಇಳಿದು, ಹನುಮನಹಳ್ಳಿಯ ದಂಡೆಯಲ್ಲಿ ಬುತ್ತಿ ಬಿಚ್ಚಿದರು. ಅಣೆಕಟ್ಟೆಯ ಬಾಗಿಲು ತೆಗೆದಿದ್ದರಿಂದ ಹೊಳೆ ಕೆಂಪಗೆ, ಎರಡೂ ದಡ ಮುಟ್ಟಿ ಹರಿಯುತ್ತಿತ್ತು. ತುಳಜಾ ಕೈ ತೊಳೆಯಲು ಬಂಡೆಯ ಮೇಲೆ ಹೋದಳು. ಹಿಂದೆ ಯಾರೋ ಏನೋ ಚೇಷ್ಟೆಯ ಮಾತಾಡಿದರು. ಅವಳು ನಗುತ್ತ ತಿರುಗಿದಳು. ಪಾಚಿಯ ಮೇಲೆ ಕಾಲು ಜಾರಿತು.

ಉಳಿದವರು ರೊಟ್ಟಿ ಹಂಚುವುದರಲ್ಲಿದ್ದರು. ಬಿದ್ದ ಸಪ್ಪಳ ಕೇಳಿ ತಿರುಗುವಷ್ಟರಲ್ಲಿ ಅವರಿಗೆ ಕಂಡಿದ್ದು ಬರೀ ನೀರು. ಪೂರ್ತಿ ನೋಡಿದವಳು ಕಳಕಮ್ಮ ಒಬ್ಬಳೇ. ಮಗಳ ತಲೆಯ ಹಿಂಭಾಗ ಬಂಡೆಯ ಅಂಚಿಗೆ ಬಡಿದಿದ್ದನ್ನು, ಆ ಕ್ಷಣವೇ ಕಣ್ಣಿನ ಜೀವ ಆರಿದ್ದನ್ನು, ಆಮೇಲೆ ಮೈ ಒಂದು ಗೋಣಿಚೀಲದ ಹಾಗೆ ನೀರಿಗೆ ಸರಿದದ್ದನ್ನು ಅವಳು ನೋಡಿದಳು. ಕೈ ಮೇಲೆ ಏಳಲಿಲ್ಲ. ಕೂಗು ಹೊರಡಲಿಲ್ಲ.

ಗಂಡ ಈಶಪ್ಪ ಅವತ್ತು ಊರಲ್ಲಿರಲಿಲ್ಲ. ಭಾಗ್ಯನಗರದ ಮಗ್ಗಗಳಲ್ಲಿ ಸೀರೆ ಎತ್ತಿ, ಗಂಟು ಕಟ್ಟಿಕೊಂಡು ಕುಷ್ಟಗಿ, ಯಲಬುರ್ಗಾ, ಗಂಗಾವತಿ ಸಂತೆಗಳಿಗೆ ತಿರುಗುವುದು ಅವನ ವ್ಯಾಪಾರ. ಸುದ್ದಿ ಮುಟ್ಟಿ ಮರುದಿನ ಬೆಳಿಗ್ಗೆ ಹೊಳೆಯ ದಂಡೆಗೆ ಬಂದವನು ಹೆಂಡತಿಯ ಮುಖ ನೋಡಿ ಮೊದಲು ಆಡಿದ ಮಾತು ಒಂದೇ.

"ಆಕಿಗೆ ಈಜು ಬರ್ತೈತಲ್ಲ."

ಬರುತ್ತಿತ್ತು. ಅವನೇ ಕಲಿಸಿದ್ದ. ಭಾವಮೈದುನನ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಹೆಣ್ಣುಹುಡುಗಿಗೆ ಇದ್ಯಾಕೆ ಎಂದು ಮಂದಿ ನಕ್ಕರೂ ಬಿಡದೆ ಕಲಿಸಿದ್ದ. ಅವನ ಮುಖದಲ್ಲಿ ಆ ಮಾತು ಹೊತ್ತಿಸಿದ್ದ ಬೆಳಕನ್ನು ಕಳಕಮ್ಮ ನೋಡಿದಳು. ಬಂಡೆಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಆಡಲಿಲ್ಲ. ಇವತ್ತು ಬೇಡ, ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಅಂಬಿಗರು ಹರಿಗೋಲು ಹಾಕಿ ಹುಡುಕಿದರು. ಏನೂ ಸಿಗಲಿಲ್ಲ. ಈಶಪ್ಪ ಅದನ್ನೇ ಸಾಕ್ಷಿ ಮಾಡಿಕೊಂಡ. ಈಜಿಕೊಂಡು ಕೆಳಗೆ ಎಲ್ಲೋ ದಡ ಸೇರಿದ್ದಾಳೆ, ಯಾರೋ ಎತ್ತಿಕೊಂಡಿದ್ದಾರೆ, ಹೆದರಿಕೆಗೆ ನೆನಪು ಹೋಗಿರಬೇಕು, ನೆನಪಾದ ದಿನ ಬರುತ್ತಾಳೆ. ಅಣ್ಣತಮ್ಮಂದಿರು ದಿನ ಮಾಡುವ ಮಾತು ತೆಗೆದಾಗ ಅವರನ್ನು ಬಾಗಿಲಿನಿಂದ ಆಚೆ ಕಳಿಸಿದ.

"ಜೀವಂತ ಇರಾಕಿಗೆ ದಿನ ಮಾಡ್ತೀರೇನು? ಬರಬ್ಯಾಡ್ರಿ ನನ್ನ ಮನಿಗೆ."

ಅವರು ಬರಲಿಲ್ಲ. ಮನೆಯಲ್ಲಿ ಇಬ್ಬರೇ ಉಳಿದರು. ಇಬ್ಬರಿಗೆ ಮೂರು ತಾಟು. ದೀಪ ಹಚ್ಚುವ ಹೊತ್ತಿಗೆ ಮಗಳ ತಾಟಿನಲ್ಲಿ ರೊಟ್ಟಿ, ಪಲ್ಯ ಬಡಿಸಿಟ್ಟು ಮುಚ್ಚಬೇಕು. ಬಾಗಿಲಿಗೆ ಅಗಳಿ ಹಾಕುವಂತಿಲ್ಲ. ಸಂತೆಯಿಂದ ಬಂದವನು ಗಂಟು ಇಳಿಸುವ ಮೊದಲು "ಬಂದಿದ್ಳೇನು?" ಎಂದು ಕೇಳುತ್ತಿದ್ದ, ಪಕ್ಕದ ಮನೆಗೆ ಹೋದವಳನ್ನು ಕೇಳಿದ ಹಾಗೆ. "ಇನ್ನಾ ಇಲ್ಲರಿ" ಎಂದು ಕಳಕಮ್ಮ ಹೇಳುತ್ತಿದ್ದಳು. ಆ 'ಇನ್ನಾ' ಹೇಳಿ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಚಳಿಗಾಲದಲ್ಲಿ ಒಂದು ಸಂಜೆ ಈಶಪ್ಪ ಉಣ್ಣುತ್ತಿದ್ದವನು ಕೈ ತಡೆದ.

"ಬಚ್ಚಲದಾಗ ನೀರಿನ ಸಪ್ಪಳ. ಕೇಳಿಸ್ತೇನು?"

ಕಳಕಮ್ಮನಿಗೆ ಏನೂ ಕೇಳಿಸಲಿಲ್ಲ. ತುಳಜಾ ಸಾಲಿಯಿಂದ ಬಂದ ಕೂಡಲೇ ಹಿತ್ತಲ ಕಡೆಯಿಂದ ಹಾಯ್ದು, ತಂಬಿಗೆಯಿಂದ ಒಂದು ಕಾಲಿನ ಮೇಲೆ, ಆಮೇಲೆ ಇನ್ನೊಂದು ಕಾಲಿನ ಮೇಲೆ ನೀರು ಸುರಿದುಕೊಂಡು ಒಳಗೆ ಬರುವ ರೂಢಿ. ಅದೇ ಸಪ್ಪಳ ಎಂದ ಗಂಡ. ಎದ್ದು ಹೋಗಿ ನೋಡಿ ಬಂದ. ಆಮೇಲೆ ವಾರಕ್ಕೊಮ್ಮೆಯಾದರೂ ಅವನಿಗೆ ಅದು ಕೇಳಿಸತೊಡಗಿತು.

ಗಂಡನ ತಲೆ ಕೆಟ್ಟಿತೆಂದು ಅವಳು ಹೆದರಿದ್ದು ನಿಜ. ಆದರೆ ನಿಜವಾದ ಹೆದರಿಕೆ ಬಂದಿದ್ದು ಸಂಕ್ರಾಂತಿ ಕಳೆದ ಮೇಲೆ. ಅವನು ಯಲಬುರ್ಗಾಕ್ಕೆ ಹೋಗಿದ್ದ. ಅವಳೊಬ್ಬಳೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹಿಂದೆ ಬಚ್ಚಲಲ್ಲಿ ನೀರು ಸುರಿದ ಸಪ್ಪಳ. ಸ್ವಲ್ಪ ತಡೆದು, ಇನ್ನೊಮ್ಮೆ. ಎರಡು ಕಾಲು. ಹಂಚಿನ ಮೇಲಿನ ರೊಟ್ಟಿ ಕರಕಾಗಿ ಹೊಗೆ ಎದ್ದರೂ ಅವಳು ಕೂತಲ್ಲಿಂದ ಏಳಲಿಲ್ಲ. ಎದ್ದು ನೋಡಿದಾಗ ಬಚ್ಚಲ ಕಲ್ಲು ಒಣಗಿತ್ತು.

ಅವತ್ತಿನಿಂದ ಅವಳಿಗೆ ತನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಬಂಡೆ, ತಲೆ, ಆ ಕಣ್ಣು, ತಾನು ನೋಡಿದ್ದು ಖರೆಯೋ, ಹೆದರಿಕೆಯಲ್ಲಿ ಕಂಡ ಕನಸೋ? ಗಂಡನೇ ಸರಿಯಿದ್ದರೆ?

ಯುಗಾದಿಯ ಹಿಂದುಮುಂದು ಈಶಪ್ಪ ಕುಷ್ಟಗಿಯಿಂದ ಸೀರೆಯ ಗಂಟಿಲ್ಲದೆ ಬಂದ. ಅವನ ಹಿಂದೆ ಒಬ್ಬ ಹುಡುಗಿ ನಿಂತಿದ್ದಳು.

"ಬಸ್‌ಸ್ಟ್ಯಾಂಡಿನ್ಯಾಗ ಕುಂತಿದ್ಳು" ಎಂದ ಅವನು. "ಹೆಸರು ಕೇಳಿದ್ರ ಮಾತಾಡಂಗಿಲ್ಲ. ತುಳಜಾ ಅಂದೆ, ಎದ್ದು ಬಂದ್ಳು. ನಾ ಹೇಳಿರಲಿಲ್ಲೇನು, ನೆನಪು ಹೋಗಿರ್ತೈತಿ ಅಂತ?"

ಹುಡುಗಿಗೆ ತುಳಜಾಳಷ್ಟೇ ವಯಸ್ಸು, ಹದಿನೇಳಿರಬಹುದು. ಅಷ್ಟೇ ಎತ್ತರ. ಅಷ್ಟು ಬಿಟ್ಟರೆ ಏನೂ ಹೋಲಿಕೆಯಿಲ್ಲ. ಮೂಗು ಬೇರೆ, ಕಿವಿ ಬೇರೆ, ಗದ್ದದ ಮೇಲೆ ಹಚ್ಚೆಯ ಚುಕ್ಕೆ. ಕೂದಲು ಜಡೆಗಟ್ಟಿತ್ತು, ಅಂಗಾಲು ಒಡೆದಿತ್ತು. ಕಳಕಮ್ಮ ಗಂಡನ ಮುಖ ನೋಡಿದಳು. ಅವನಿಗೆ ಹಚ್ಚೆ ಕಾಣುತ್ತಿರಲಿಲ್ಲ.

ಅವಳು ನೀರು ಕಾಸಿ ಹುಡುಗಿಗೆ ಎರೆದಳು. ಎಣ್ಣೆ ಹಚ್ಚಿ ಸಿಕ್ಕು ಬಿಡಿಸಿದಳು, ತುಳಜಾಳ ಲಂಗ ಜಂಪರು ತೊಡಿಸಿದಳು. ಹುಡುಗಿ ಎತ್ತಿಸಿದ ಹಾಗೆ ಕೈ ಎತ್ತಿದಳು, ತಿರುಗಿಸಿದ ಹಾಗೆ ತಿರುಗಿದಳು. ಎರೆಯುತ್ತ ಬೆನ್ನು ಉಜ್ಜುವಾಗಲೇ ಕಳಕಮ್ಮನ ಬಾಯಿಂದ ತಾನಾಗಿಯೇ ಹೊರಟಿತು, "ತುಳಜಾ, ಸ್ವಲ್ಪ ಬಗ್ಗವ್ವ." ಹುಡುಗಿ ಬಗ್ಗಿದಳು. ತೊಯ್ದ ಬೆನ್ನಿನ ಮೇಲೆ ಕೈ ಇಟ್ಟುಕೊಂಡು ಕಳಕಮ್ಮ ಬಹಳ ಹೊತ್ತು ಹಾಗೆಯೇ ಕೂತಳು. ಇವಳೇ ಅಂದುಕೊಂಡುಬಿಟ್ಟರೆ ಯಾರಿಗೆ ಏನು ನಷ್ಟ ಎಂಬ ಯೋಚನೆ ಬಂದು ಹೋಯಿತು.

ಸಂಜೆ ಮೂರನೆಯ ತಾಟಿನ ಮುಂದೆ ಹುಡುಗಿಯನ್ನು ಕೂಡಿಸಿದರು. ಅವಳು ಹಸಿದವಳ ಹಾಗೆ ಉಂಡಳು. ಈಶಪ್ಪ ತಾನು ಉಣ್ಣುವುದನ್ನು ಮರೆತು ಅವಳನ್ನೇ ನೋಡುತ್ತಿದ್ದ.

ಆಗ ಬಚ್ಚಲಲ್ಲಿ ನೀರಿನ ಸಪ್ಪಳವಾಯಿತು. ಸ್ವಲ್ಪ ತಡೆದು, ಇನ್ನೊಮ್ಮೆ.

ಈಶಪ್ಪನಿಗೆ ಕೇಳಿಸಲಿಲ್ಲ. ಅವನಿಗೆ ಇನ್ನು ಅದು ಬೇಕಾಗಿರಲಿಲ್ಲ. ಆದರೆ ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದು, ನಿಧಾನಕ್ಕೆ ಹಿತ್ತಲ ಬಾಗಿಲಿನ ಕಡೆ ತಲೆ ತಿರುಗಿಸಿದಳು. ಆಮೇಲೆ ಕಳಕಮ್ಮನ ಕಡೆ ನೋಡಿದಳು. ಕಳಕಮ್ಮನಿಗೆ, ತನ್ನ ಮಗಳು ಹೊರಗೆ ನಿಂತಿದ್ದಾಳೆ, ತನ್ನ ತಾಟಿನಲ್ಲಿ ಬೇರೆಯವಳು ಉಣ್ಣುವುದನ್ನು ನೋಡುತ್ತಿದ್ದಾಳೆ ಅನ್ನಿಸಿತು.

ಹುಡುಗಿಗೆ ಜ್ವರ ಬಂದದ್ದೇ ನೆಪವಾಯಿತು. ಪಕ್ಕದ ಮನೆಯ ಶಾಂತಕ್ಕ ಮುಂದೆ ನಿಂತು, "ದವಾಖಾನಿಗೆ ಕರಕೊಂಡು ಹೋಗೂಣು, ನೆನಪು ಬರಾಕೂ ಔಷಧ ಇರ್ತಾವು" ಎಂದು ಈಶಪ್ಪನನ್ನು ಒಪ್ಪಿಸಿದಳು. ಕೊಪ್ಪಳದ ಸರಕಾರಿ ದವಾಖಾನೆಗೆ ಆಗ ಗುರುವಾರಕ್ಕೊಮ್ಮೆ ಮನಸ್ಸಿನ ಡಾಕ್ಟರೊಬ್ಬರು ಹೊರಗಿನಿಂದ ಬರುತ್ತಿದ್ದರು. ಅವರ ಜೊತೆಗೆ ಇಮಾಮಬಾನು ಎಂಬ ಹೆಂಗಸು. ಐವತ್ತರ ಹತ್ತಿರದವಳು, ಬಿಳಿ ಸೀರೆ, ದಪ್ಪ ಕನ್ನಡಕ. ಗುಳಿಗೆ ಕೊಡುವುದು ಡಾಕ್ಟರ ಕೆಲಸ. ಬಂದವರನ್ನು, ಅವರ ಮನೆಯವರನ್ನು ಕೂಡಿಸಿಕೊಂಡು ಮಾತಾಡಿಸುವುದು, ಅವರ ಮಾತು ಕೇಳುವುದು ಇಮಾಮಬಾನುವಿನ ಕೆಲಸ.

ಹುಡುಗಿಯನ್ನು ದವಾಖಾನೆಯಲ್ಲಿಯೇ ಇರಿಸಿಕೊಂಡರು. ಕೆಲವು ವಾರಗಳಲ್ಲಿ ಅವಳು ಒಂದೊಂದು ಮಾತಾಡಿದಳು. ಹೆಸರು ಫಕೀರಮ್ಮ. ಊರು ಕುಷ್ಟಗಿಯ ಆಚೆ. ತಾಯಿ ಸತ್ತ ಮೇಲೆ ಮಾತು ಬಿಟ್ಟವಳು ಒಂದು ದಿನ ಮನೆ ಬಿಟ್ಟಿದ್ದಳು. ದವಾಖಾನೆಯವರು ಹೇಳಿ ಕಳಿಸಿದ ಮೇಲೆ ಅವಳ ಅಣ್ಣ ಮುದಿಯಪ್ಪ ಬಂದ.

ವರಾಂಡದಲ್ಲಿ ಈಶಪ್ಪ ಹುಡುಗಿಯ ಮಣಿಕಟ್ಟು ಹಿಡಿದುಕೊಂಡಿದ್ದ.

"ಹೇಳವ್ವ, ನಿನ್ನ ಹೆಸರು ತುಳಜಾ ಅಂತ ಹೇಳು. ನಾ ನಿನಗ ಈಜು ಕಲಿಸಿಲ್ಲೇನು?"

"ನಂಗ ಈಜು ಬರಂಗಿಲ್ರಿ" ಎಂದಳು ಹುಡುಗಿ, ಮೆಲ್ಲಗೆ. ಕೈ ಬಿಡಿಸಿಕೊಂಡು ಅಣ್ಣನ ಹಿಂದೆ ಹೋಗಿ ನಿಂತಳು. ಮುದಿಯಪ್ಪ ಬೈಯಲಿಲ್ಲ. ಈಶಪ್ಪನ ಕಾಲು ಮುಟ್ಟಿ, "ನನ್ನ ತಂಗೀನ ಕಾಪಾಡೀರಿ ಯಜಮಾನ್ರ" ಎಂದು ಅತ್ತ. ಈಶಪ್ಪ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಸಿದ.

ಅವತ್ತು ಇಮಾಮಬಾನು ಗಂಡಹೆಂಡತಿ ಇಬ್ಬರಿಗೂ ಹೇಳಿದಳು, "ಮುಂದಿನ ಗುರುವಾರ ಬರ್ರಿ." ಈಶಪ್ಪ ಬಂದ, ಆದರೆ ಒಳಗೆ ಕಾಲಿಡಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಕೂತ. ಕಳಕಮ್ಮ ಒಬ್ಬಳೇ ಹೋದಳು.

"ನನಗ ಏನೂ ಆಗಿಲ್ಲರಿ ಬಾಯಾರ. ನಮ್ಮವರಿಗೆ ಏನರ ಔಷಧ ಕೊಡ್ರಿ."

"ಅವರು ಒಳಗ ಬಂದಾಗ ಅವರ ಮಾತು" ಎಂದಳು ಇಮಾಮಬಾನು. "ಈಗ ನೀವು ಬಂದೀರಿ. ನಿಮ್ಮ ಮಗಳು ಎಂಥಾಕಿ ಇದ್ಳು, ಹೇಳ್ರಿ."

ಮಗಳೆಂದರೆ ಕಳಕಮ್ಮನ ಕಣ್ಣ ಮುಂದೆ ಬಂಡೆಯೊಂದೇ ಬರುತ್ತಿತ್ತು. ಹದಿನೇಳು ವರ್ಷದ ಮಗಳು ಪೂರ್ತಿ ಆ ಒಂದು ಗಳಿಗೆಯಲ್ಲಿ ಮುಳುಗಿಹೋಗಿದ್ದಳು. ಕಡೆಗೆ ಕಳಕಮ್ಮ ಹೇಳಿದ್ದು ಬಂಡೆಯ ವಿಷಯವನ್ನೇ. ಮೊದಲ ಸಲ, ಇನ್ನೊಬ್ಬರ ಕಿವಿಯ ಮೇಲೆ ಹಾಕಿದಳು. ಹೇಳಿ ಮುಗಿಸಿ, ಈ ಹೆಂಗಸು ಏನನ್ನುವಳೋ ಎಂದು ಕಾದಳು.

"ಇದನ್ನ ನೀವೊಬ್ಬರ ಹೊತಗೊಂಡೀರಿ, ಇಲ್ಲಿತನಕ" ಎಂದಳು ಇಮಾಮಬಾನು, ಅಷ್ಟೇ.

ಆಮೇಲಿನ ಗುರುವಾರಗಳಲ್ಲಿ ಬಂಡೆಯ ಹಿಂದಿನಿಂದ ಒಂದೊಂದಾಗಿ ಬೇರೆ ತುಳಜಾ ಬಂದಳು. ಹುಣಸೆಚಿಗುರು ಕದ್ದು ಲಂಗದಲ್ಲಿ ಕಟ್ಟಿಕೊಂಡು ಬರುವವಳು, ಅಪ್ಪನ ಮೀಸೆ ಬಿಳಿಯಾಗಿದೆ ಎಂದು ಕಾಡಿಗೆ ಹಚ್ಚಲು ಹೋದವಳು, ಅವ್ವನ ಜೊತೆ ಜಗಳವಾಡಿ ಉಪವಾಸ ಮಲಗಿ ಕದ್ದು ಬೆಲ್ಲ ತಿಂದವಳು. ಒಂದು ಗುರುವಾರ ಆ ಕಾಡಿಗೆಯ ಕತೆ ಹೇಳುತ್ತ ಕಳಕಮ್ಮನಿಗೆ ನಗು ಬಂದುಬಿಟ್ಟಿತು. ಇಮಾಮಬಾನುವೂ ನಕ್ಕಳು.

ಬಾಗಿಲು ದಡಕ್ಕನೆ ತೆರೆಯಿತು. ಈಶಪ್ಪ ನಿಂತಿದ್ದ.

"ಮಗಳು ಮನಿಯಾಗಿಲ್ಲ. ನೀ ಇಲ್ಲಿ ಕುಂತು ನಗತೀದಿ."

ಇಮಾಮಬಾನು ಎದ್ದು ಕುರ್ಚಿ ಸರಿಸಿದಳು. "ಬರ್ರಿ ಈಶಪ್ಪಾರ. ಕುಂದರ್ರಿ. ಸಿಟ್ಟಿದ್ರೂ ಕುಂತು ಮಾಡ್ರಿ."

ಅವನು ಕೂಡಲಿಲ್ಲ, ಹೋಗಲೂ ಇಲ್ಲ. ಕಳಕಮ್ಮ ಇಮಾಮಬಾನುವಿನ ಕಡೆ ನೋಡಿದಳು. ಆಕೆ ಹೇಳು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಕಳಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಗಂಡನ ಕಡೆ ತಿರುಗಿದಳು.

"ನೀವು ಅವತ್ತು ಇರಲಿಲ್ಲ. ನಾ ಇದ್ದೆ. ನಾ ಕಂಡಿದ್ದನ್ನ ನೀವು ಒಮ್ಮೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳ್ತೀನಿ."

ಹೇಳಿದಳು. ನಗು, ಪಾಚಿ, ಬಂಡೆಯ ಅಂಚು, ಕಣ್ಣು. ಯಾವುದನ್ನೂ ಬಿಡಲಿಲ್ಲ. ಈಶಪ್ಪ ಕುರ್ಚಿಯ ಬೆನ್ನನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ಕೇಳಿದ:

"ಈಜಿದ್ಳೇನು?"

"ಇಲ್ಲರಿ. ನೀರಿಗೆ ಬೀಳೂಕಿಂತ ಮೊದಲ ಹೋಗಿಬಿಟ್ಟಿದ್ಳು."

"ಕೈ ಕಾಲು ಬಡೀಲಿಲ್ಲ?"

"ಇಲ್ಲ."

"ಹೆದರಿದ್ಳೇನು?"

"ನಗತಿದ್ಳು."

ಈಶಪ್ಪ ಕುರ್ಚಿಯ ಮೇಲೆ ಕೂತ. ಕೂತವನು ಗೋಡೆಗೆ ಹೇಳುವ ಹಾಗೆ ಹೇಳಿದ, "ನಾ ದಿನಾ ಆಕಿ ಜೋಡಿ ಈಜತಿದ್ದೆ. ಬಸ್ಸಿನ್ಯಾಗ, ಸಂತ್ಯಾಗ, ಎಲ್ಲೆ ಕುಂತ್ರೂ. ಆಕಿ ದಣೀತಿದ್ಳು, 'ಅಪ್ಪಾ ಸಾಕು' ಅಂತಿದ್ಳು. ಬಿಡಬ್ಯಾಡವ್ವ, ಇನ್ನೊಂದೀಟು, ದಂಡಿ ಬಂತು ಅಂತಿದ್ದೆ. ಒಂದು ದಿನಾನೂ ದಂಡಿ ಬರಲಿಲ್ಲ."

ಮಗಳು ಬದುಕಿದ್ದಾಳೆ ಎಂದು ಊರಿಗೆಲ್ಲ ಹೇಳುತ್ತಿದ್ದವನು ಒಳಗೊಳಗೇ ಅವಳನ್ನು ದಿನವೂ ನೀರಲ್ಲಿ ನೋಡುತ್ತಿದ್ದ. ಕಳಕಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಅವನನ್ನು ಕಾಯಲೆಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು, ಮುಚ್ಚಿದ ಆ ಬಾಯಿಯೇ ಅವನನ್ನು ಅಷ್ಟು ದಿನ ಹೊಳೆಯಲ್ಲಿ ಇಟ್ಟಿತ್ತು. ಅವಳು ಕೈ ಚಾಚಿದಳು. ಅವನು ಹಿಡಿಯಲಿಲ್ಲ. ಮುಖ ಮುಚ್ಚಿಕೊಂಡು ಅತ್ತ. ಇಮಾಮಬಾನು ಬಾಗಿಲು ಎಳೆದುಕೊಂಡು ಹೊರಗೆ ಹೋಗಿ, ಸರದಿಯಲ್ಲಿದ್ದವರಿಗೆ ಸ್ವಲ್ಪ ತಡವಾಗುತ್ತದೆ ಎಂದು ಹೇಳಿ ಬಂದಳು.

ಇದಾದ ಮೇಲೆ ಎಲ್ಲ ಸುರಳೀತ ಆಯಿತೆಂದಲ್ಲ. ತಿಂಗಳುಗಟ್ಟಲೆ ಅವನು ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ. ಮುಚ್ಚಿಟ್ಟಿದ್ದಕ್ಕೆ ಸಿಟ್ಟೋ, ಹೇಳಿದ್ದಕ್ಕೆ ಸಿಟ್ಟೋ ಅವನಿಗೇ ಗೊತ್ತಿರಲಿಲ್ಲ. ಆದರೆ ಗುರುವಾರ ತಪ್ಪಿಸಲಿಲ್ಲ. ಒಮ್ಮೊಮ್ಮೆ ಅವನೊಬ್ಬನೇ ಒಳಗೆ ಹೋಗುತ್ತಿದ್ದ. ಆಗ ಕಟ್ಟೆಯ ಮೇಲೆ ಕೂಡುವ ಸರದಿ ಕಳಕಮ್ಮನದು. ಒಂದು ಸಂಜೆ ಯಲಬುರ್ಗಾ ಸಂತೆಯಿಂದ ಬಂದು, ಗಂಟು ಇಳಿಸಿ, ನೀರು ಕುಡಿದು ಹೇಳಿದ:

"ಇವತ್ತೊಬ್ಬಾಂವ ಹೇಳಿದ, ಗುಡ್ಯಾಗ ಒಂದು ಹುಡುಗಿ ಅದಾಳ, ನಿಮ್ಮ ಮಗಳಂಗ ಕಾಣತಾಳ ಅಂತ."

"ನೀವೇನಂದ್ರಿ?"

"ನಮ್ಮಾಕಿ ಆಗಿರಂಗಿಲ್ಲಪ್ಪ ಅಂದೆ." ತಂಬಿಗೆ ಕೆಳಗಿಟ್ಟು, "ನೋಡಿ ಬಂದೆ, ಆದ್ರೂ" ಎಂದ.

ಬಚ್ಚಲ ಸಪ್ಪಳ ಅವನಿಗೆ ನಿಂತುಹೋಗಿತ್ತು. ಕಳಕಮ್ಮನಿಗೆ ನಿಂತಿರಲಿಲ್ಲ. ಅವಳು ಇದನ್ನು ಇಮಾಮಬಾನುವಿಗೆ ಹೇಳಿದಳು. ಫಕೀರಮ್ಮ ತಲೆ ತಿರುಗಿಸಿ ನೋಡಿದ್ದನ್ನೂ ಹೇಳಿದಳು. ಹಾಗೆಲ್ಲ ಇರುವುದಿಲ್ಲ ಎಂದು ಆಕೆ ಬುದ್ಧಿ ಹೇಳುತ್ತಾಳೆ ಅಂದುಕೊಂಡಿದ್ದಳು.

"ಆ ಹುಡುಗಿಗೆ ಏನು ಕೇಳಿಸ್ತೋ ನನಗ ಗೊತ್ತಿಲ್ಲ ಕಳಕಮ್ಮಾರ" ಎಂದಳು ಇಮಾಮಬಾನು ಕನ್ನಡಕ ಒರೆಸುತ್ತ. "ನಮ್ಮ ಮನಿಯವರು ತೀರಿಕೊಂಡು ಭಾಳ ವರ್ಷ ಆತು. ಈಗೂ ಒಮ್ಮೊಮ್ಮೆ ಬಾಗಿಲದಾಗ ಕೆಮ್ಮತಾರ. ನಾ ಕೇಳಿಸ್ಕೋತೀನಿ, ಕೆಲಸ ಮುಂದುವರಸ್ತೀನಿ. ನಿಮಗ ಹೆದರಿಕಿ ಆಗತೈತೇನು?"

"ಮೊದಲ ಆಗತಿತ್ತು. ಈಗ ಅದು ಎಲ್ಲೆ ನಿಂತು ಹೋಗತೈತೋ ಅಂತ ಹೆದರಿಕಿ."

ಮರುವರ್ಷ, ಬೇಸಿಗೆ ಇನ್ನೂ ಬಲಿಯುವ ಮೊದಲು, ಈಶಪ್ಪನೇ ಅಂದ, "ಆ ಜಾಗ ತೋರಸು." ಇಬ್ಬರೂ ಹನುಮನಹಳ್ಳಿಗೆ ಹೋದರು. ಹೊಳೆ ಬತ್ತಿ, ಬಂಡೆಗಳ ಸಂದಿಯಲ್ಲಿ ತಿಳಿನೀರು ಹರಿಯುತ್ತಿತ್ತು. ಪ್ರವಾಸಕ್ಕೆ ಬಂದವರು ಹರಿಗೋಲಿನಲ್ಲಿ ಕೂತು ಕೇಕೆ ಹಾಕುತ್ತಿದ್ದರು. ಕಳಕಮ್ಮ ಬಂಡೆ ತೋರಿಸಿದಳು. ಈಶಪ್ಪ ಅದರ ಅಂಚನ್ನು ಅಂಗೈಯಿಂದ ಸವರಿ ನೋಡಿದ. ಬಿಸಿಲಿಗೆ ಕಾದ ಕಲ್ಲು, ಅಷ್ಟೇ. ಅಷ್ಟು ದೊಡ್ಡ ಈಜುಗಾರ ಮೊಳಕಾಲಮಟ ನೀರಿಗಿಳಿದು, ಮುಂದೆ ಹೋಗಲಾರದೆ ನಿಂತುಬಿಟ್ಟ. ಕಳಕಮ್ಮ ಬಾಳೆಯೆಲೆಯ ಮೇಲೆ ಬುತ್ತಿ ಇಟ್ಟು, ಅವನ ಕೈಗೆ ಕೊಟ್ಟಳು. ಮಂತ್ರ ಇರಲಿಲ್ಲ, ಅಯ್ಯನವರೂ ಇರಲಿಲ್ಲ. ಅವನು ಎಲೆಯನ್ನು ನೀರಿಗೆ ಬಿಟ್ಟ. "ಹೋಗಿ ಬಾರವ್ವ" ಅನ್ನಲು ಹೋಗಿ, 'ಬಾ' ಎಂಬುದನ್ನು ನುಂಗಿ, "ಹೋಗವ್ವ" ಎಂದ. ಎಲೆ ಒಂದು ಕಲ್ಲಿಗೆ ತಾಗಿ ನಿಂತಿತು, ಆಮೇಲೆ ತಿರುಗಿ ಹೊರಟಿತು.

ಗಂಗಾವತಿಯಲ್ಲಿ ಕೊಪ್ಪಳದ ಬಸ್ಸು ಹತ್ತಿದರು. ಮೂವರು ಕೂಡುವ ಸೀಟಿನಲ್ಲಿ ಈಶಪ್ಪ ಕಿಟಕಿಯ ಕಡೆ ಕೂತ. ಕಳಕಮ್ಮ ಗೊತ್ತಿಲ್ಲದೆಯೇ ನಡುವೆ ಜಾಗ ಬಿಟ್ಟು ಈ ತುದಿಗೆ ಕೂತಳು. ಕೂತ ಮೇಲೆ ಗೊತ್ತಾಯಿತು, ಸರಿಯಲಿಲ್ಲ. ಗಂಡನೂ ಆ ಜಾಗದಲ್ಲಿ ಚೀಲ ಇಡದೆ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದ. ಹಾಗೆ ಸ್ವಲ್ಪ ಹೊತ್ತು ನಡುವಿನ ಆ ಖಾಲಿ ಜಾಗ ಬೆಚ್ಚಗೇ ಇತ್ತು.

ಬಸ್ಸು ತುಂಬತೊಡಗಿತು. ಬುಟ್ಟಿ ಹಿಡಿದ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ಬಂದು ನಿಂತಳು.

"ಇಲ್ಲೆ ಯಾರರ ಅದಾರೇನ್ರಿ?"

ಈಶಪ್ಪ ಕಿಟಕಿಯಿಂದ ಮುಖ ತಿರುಗಿಸಿ, ನಡುವಿನ ಜಾಗವನ್ನು ಒಂದು ಸಲ ನೋಡಿ, "ಯಾರೂ ಇಲ್ಲವ್ವ, ಕುಂದ್ರು" ಎಂದ.

ಹೆಣ್ಣುಮಗಳು ದಾಟಿ ಬಂದು ಕೂತಳು. ಬುಟ್ಟಿಯಲ್ಲಿದ್ದ ಸೌತೆಕಾಯಿಯನ್ನು ಮುರಿದು ಕಳಕಮ್ಮನ ಕೈಗೂ ಒಂದು ತುಂಡು ಕೊಟ್ಟಳು, ಮಕ್ಕಳೆಷ್ಟು ಎಂದು ಕೇಳಲೂ ಇಲ್ಲ. ಒಳ್ಳೆಯ ಹೆಂಗಸು, ಏನೂ ತಪ್ಪು ಮಾಡಿರಲಿಲ್ಲ. ಆದರೂ ಕೊಪ್ಪಳ ಬರುವತನಕ ಕಳಕಮ್ಮನಿಗೆ ಅವಳ ಮೇಲಿನ ಸಿಟ್ಟು ಇಳಿಯಲಿಲ್ಲ.